ವಂಶಾವಳಿಗೆ 21 ಪುಟ, ಸುಂಕದ ಕಟ್ಟೆಗೆ ಅರ್ಧ ಪುಟ

ನಮಸ್ಕಾರ.

ಬೇರೆಬೇರೆ ಗುಂಪುಗಳು ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ನಮ್ಮ ಹಂಚಿಕೆಯ ಆಟಲೋಕಕ್ಕೆಂದು ನೀವು ಕಳಿಸಿದ ‘ಕೆಂಗಲ್ಲು ಸೀಮೆ’ಯ 38 ಪುಟ, ಜೊತೆಗಿನ ಬಣ್ಣದ ನಕಾಶೆ ಎರಡನ್ನೂ ಪೂರ್ತಿ ನೋಡಿದೆವು. ಈಗಿರುವ ರೂಪದಲ್ಲಿ ಸೇರಿಸಿಕೊಳ್ಳಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ತೊಂದರೆ ಬೇರೆ ಕಡೆ ಇದೆ. ಶನಿವಾರ ಸಂಜೆ ಐದು ಜನ ಡೈಸ್ ಹಿಡಿದು ಕೂತಾಗ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವರು) ನಿಮ್ಮ ಬರಹ ತೆರೆದರೆ, ಆಟಗಾರರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಯುದ್ಧ, ದ್ರೋಹ, ಪ್ರಾಯಶ್ಚಿತ್ತ ಎಲ್ಲವನ್ನೂ ನಿಮ್ಮ ರಾಜರೇ ಮಾಡಿ ಮುಗಿಸಿಬಿಟ್ಟಿದ್ದಾರೆ.

ವಂಶಾವಳಿಗೇ 21 ಪುಟ ಹೋಗಿದೆ. ಅದರಲ್ಲಿ ಇವತ್ತಿನ ಆಟಕ್ಕೆ ಬೇಕಾದ್ದು ಎರಡು ಸಂಗತಿ: ಕೊನೆಯ ಅರಸ ಮಕ್ಕಳಿಲ್ಲದೆ ಸತ್ತ, ಘಟ್ಟದ ಮೇಲಿನವರು ಒಬ್ಬ ವಾರಸುದಾರನಿಗೆ, ಕೆಳಗಿನವರು ಇನ್ನೊಬ್ಬನಿಗೆ ಕಪ್ಪ ಕೊಡುತ್ತಿದ್ದಾರೆ. ಉಳಿದದ್ದು ನಿಮ್ಮ ಕಡತದಲ್ಲಿರಲಿ. ಹಳೆಯ ಘಟನೆಯೊಂದನ್ನು ಉಳಿಸಿಕೊಳ್ಳಲೇಬೇಕು ಅನ್ನಿಸಿದರೆ, ಅದು ಇವತ್ತು ಕಣ್ಣಿಗೆ ಬೀಳುವಂಥ ಗುರುತು ಬಿಟ್ಟಿದೆಯೇ ನೋಡಿ. ಅರ್ಧಕ್ಕೆ ಮುರಿದ ಸೇತುವೆ, ಒಂದೇ ಸಂತೆಯಲ್ಲಿ ಓಡುವ ಎರಡು ಬಗೆಯ ನಾಣ್ಯ, ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಿದ ಎರಡು ಊರು. ಇಂಥದ್ದೇನೂ ಇಲ್ಲದಿದ್ದರೆ ಆ ಘಟನೆ ಬೇಡ.

‘ಲೋಕ ಕಟ್ಟುವುದೆಂದರೆ ದೊಡ್ಡದಾಗಿ ಕಟ್ಟಬೇಕಲ್ಲ’ ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. 2002ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಇಂಥದೇ ಆಟದ ಪ್ರಕಾಶಕರು ಹೊಸ ಲೋಕ ಬೇಕೆಂದು ಕರೆ ಕೊಟ್ಟಾಗ ಮೊದಲ ಸುತ್ತಿಗೆ ಕೇಳಿದ್ದು ಒಂದೇ ಪುಟ. ಬಂದ ಸುಮಾರು 11,000 ಪ್ರಸ್ತಾವಗಳಲ್ಲಿ ಗೆದ್ದದ್ದು ಕೀತ್ ಬೇಕರ್ ಅವರ ಎಬೆರಾನ್. ಪುಸ್ತಕವಾಗಿ ಬಂದದ್ದು 2004ರಲ್ಲಿ. ಅದರಿಂದ ನೀವು ಕಲಿಯಬೇಕಾದ್ದು ಎರಡಿದೆ. ಅಲ್ಲಿ ಸೈರ್ ಎಂಬ ರಾಜ್ಯ ಒಂದೇ ದಿನದಲ್ಲಿ ಹಾಳಾಗುತ್ತದೆ, ಯಾಕೆ ಎಂಬುದಕ್ಕೆ ಅಧಿಕೃತ ಉತ್ತರವನ್ನು ಬೇಕೆಂದೇ ಕೊಟ್ಟಿಲ್ಲ. ಪ್ರತಿಯೊಬ್ಬ ಜಿಎಂ ತನ್ನ ಉತ್ತರ ತಾನೇ ಹುಡುಕಿಕೊಳ್ಳಬೇಕು. ಇನ್ನೊಂದು, ಆಟ ಶುರುವಾಗುವ ವರ್ಷ ಆ ಲೋಕದ ಲೆಕ್ಕದಲ್ಲಿ 998. ಮುಂದೆ ಬಂದ ಪುಸ್ತಕಗಳೂ ಅಲ್ಲೇ ನಿಂತವು. ಹಾಗಾಗಿ ಯಾರ ಮೇಜಿನ ಕತೆಯೂ ಹೊಸ ಪುಸ್ತಕ ಬಂತೆಂದು ಸುಳ್ಳಾಗುವುದಿಲ್ಲ. ಅದೇ ಆಟದ ಇನ್ನೊಂದು ಲೋಕವಾದ ಫರ್ಗಾಟನ್ ರೆಲ್ಮ್ಸ್‌ನಲ್ಲಿ 2008ರಲ್ಲಿ ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ತಳ್ಳಿದಾಗ ಆದದ್ದು ಇದರ ತದ್ವಿರುದ್ಧ: ವರ್ಷಗಟ್ಟಲೆ ಆಡಿಕೊಂಡು ಬಂದವರ ಪರಿಚಯದ ಮನುಷ್ಯರಲ್ಲಿ ಹೆಚ್ಚಿನವರು ಏಕಾಏಕಿ ತೀರಿಹೋದವರ ಪಟ್ಟಿಗೆ ಸೇರಿದರು. ನೀವು ಕೊನೆಯ ಅಧ್ಯಾಯದಲ್ಲಿ ‘ಮುಂದಿನ ಹತ್ತು ವರ್ಷದಲ್ಲಿ ನಡೆಯಲಿರುವುದು’ ಎಂದು ಬರೆದಿದ್ದೀರಲ್ಲ, ಅದನ್ನು ಪೂರ್ತಿ ತೆಗೆಯಿರಿ.

ಈಗ ಅನ್ನದ ಲೆಕ್ಕ. ನಿಮ್ಮ ರಾಜಧಾನಿ ಘಟ್ಟದ ನೆತ್ತಿಯಲ್ಲಿದೆ, ಸುತ್ತ ಬರೀ ಬಂಡೆ, ಒಂದು ಲಕ್ಷ ಜನ. ದಾರಿ ಒಂದೇ, ಅದೂ ‘ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಕಿರಿದು’. ತಲೆಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದರೂ 50 ಟನ್ ಬೇಕು. ಒಂದು ಹೇರೆತ್ತು ಸುಮಾರು 100 ಕಿಲೋ ಹೊರುತ್ತದೆ ಅಂದುಕೊಳ್ಳಿ, ದಿನಕ್ಕೆ 500 ಎತ್ತು ಊರೊಳಗೆ ಬರಬೇಕು. ಮೇಯಿಸಿಕೊಂಡು ಸಾಗುವ ಎತ್ತಿನ ಸಾಲು ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಹೋಗುವುದಿಲ್ಲ. ನಿಮ್ಮ ಭತ್ತದ ಬಯಲು ಇರುವುದು 60 ಕಿ.ಮೀ. ದೂರದಲ್ಲಿ, ಅಂದರೆ ಐದು ದಿನದ ಹಾದಿ. ಹತ್ತುವುವು 2,500, ಇಳಿಯುವುವು 2,500, ಒಟ್ಟು ಐದು ಸಾವಿರ ಎತ್ತು ಆ ಕಿರಿದಾರಿಯಲ್ಲಿ ಹಗಲೂ ರಾತ್ರಿ ಒಂದನ್ನೊಂದು ತಳ್ಳಿಕೊಂಡು ನಿಂತಿರುತ್ತವೆ. ಜನಸಂಖ್ಯೆಯನ್ನು ಆರು ಸಾವಿರಕ್ಕೆ ಇಳಿಸಿ, ದಿನಕ್ಕೆ 30 ಎತ್ತು ಸಾಕು. ಆಗ ದಾರಿ ಕಿರಿದಾಗಿರುವುದೇ ಆಟವಾಗುತ್ತದೆ: ಹತ್ತು ಜನ ಆ ದಾರಿ ಕಟ್ಟಿ ಕೂತರೆ ಊರಿನ ಕಣಜ ಎಷ್ಟು ದಿನ ಬಂದೀತು?

ಆಟಗಾರರು ಇದನ್ನೆಲ್ಲ ಕೇಳುತ್ತಾರೆಯೇ ಎಂದರೆ, ಕೇಳುತ್ತಾರೆ. ‘ಇಷ್ಟು ಅಕ್ಕಿ ಎಲ್ಲಿಂದ ಬರುತ್ತೆ, ಅದನ್ನ ನಿಲ್ಲಿಸಿಬಿಡೋಣ’ ಅನ್ನುವವನೊಬ್ಬ ಪ್ರತಿ ಮೇಜಿನಲ್ಲೂ ಇರುತ್ತಾನೆ.

ನಕಾಶೆ ನೋಡಲು ಸೊಗಸಾಗಿದೆ, ಆದರೆ ಅಳತೆಗೋಲೇ ಇಲ್ಲ. ನಡುಬೆಟ್ಟದಲ್ಲಿ ಹುಟ್ಟಿದ ಹೊಳೆ ಕವಲೊಡೆದು ಎರಡು ಸಮುದ್ರ ಸೇರುತ್ತದೆ. ಹೊಳೆಗಳು ಇಳಿಯುತ್ತ ಒಂದನ್ನೊಂದು ಕೂಡಿಕೊಳ್ಳುತ್ತವೆ. ಕವಲಾಗುವುದು ಸಾಮಾನ್ಯವಾಗಿ ಸಮುದ್ರದ ಹತ್ತಿರ, ನೆಲ ಮಟ್ಟಸವಾದ ಮೇಲೆ. ಮಳೆಯೂ ತಿರುವುಮುರುವಾಗಿದೆ. ಗಾಳಿ ಪಡುವಣ ಕಡಲಿಂದ ಬೀಸುತ್ತದೆ ಎಂದು ನೀವೇ ಬರೆದು, ಘಟ್ಟದ ಪಶ್ಚಿಮಕ್ಕೆ ಮರಳುಗಾಡು, ಪೂರ್ವಕ್ಕೆ ದಟ್ಟ ಕಾಡು ಇಟ್ಟಿದ್ದೀರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ, ಅಲ್ಲಿಂದ ಸುಮಾರು 160 ಕಿ.ಮೀ. ದೂರದ ಚಿತ್ರದುರ್ಗದಲ್ಲಿ 600ರ ಆಸುಪಾಸಿಗೆ ಇಳಿಯುತ್ತದೆ. ಮೋಡ ಘಟ್ಟ ಹತ್ತುವಾಗಲೇ ನೀರು ಖಾಲಿ ಮಾಡಿಕೊಳ್ಳುತ್ತದೆ. ಮಾಂತ್ರಿಕ ಕಾರಣದಿಂದ ಹೀಗಾಗಿದೆ ಅನ್ನುವುದಾದರೆ ಆಗಲಿ, ಆ ಕಾರಣವನ್ನು ಬರೆಯಿರಿ. ಅದನ್ನು ಯಾರಾದರೂ ಸರಿಪಡಿಸಲು ಹೊರಟರೆ ಅದೇ ಒಂದು ಕ್ಯಾಂಪೇನ್, ಹಲವು ಸಂಜೆ ಮುಂದುವರಿಯುವ ಆಟ.

ಮರುಬರೆಯುವಾಗ 10 ಕಿ.ಮೀ. ಅಗಲದ ಹೆಕ್ಸ್ (ನಕಾಶೆಯ ಆರು ಮೂಲೆಯ ಮನೆ) ಬಳಸಿ. ಒಂದು ಹೆಕ್ಸ್ ಸುಮಾರು 87 ಚದರ ಕಿ.ಮೀ. ಆಗುತ್ತದೆ. 12ಕ್ಕೆ 10ರ ಹಾಳೆ ಎಂದರೆ 120 ಹೆಕ್ಸ್, ಹೆಚ್ಚುಕಡಿಮೆ ಉತ್ತರ ಕನ್ನಡ ಜಿಲ್ಲೆಯಷ್ಟು. ಒಂದು ಸೀಮೆಗೆ ಅಷ್ಟು ಧಾರಾಳವಾಯಿತು. ಬಯಲಲ್ಲಿ ಕಾಲ್ನಡಿಗೆಗೆ ದಿನಕ್ಕೆ ಮೂರು ಹೆಕ್ಸ್, ಘಟ್ಟದಲ್ಲಿ ಒಂದು, ಮಳೆಗಾಲದ ಘಟ್ಟದಲ್ಲಿ ಒಂದು ದಾಟಲು ಎರಡು ದಿನ ಎಂದಿಟ್ಟುಕೊಳ್ಳಿ. ಎಷ್ಟು ಬುತ್ತಿ ಕಟ್ಟಬೇಕು, ದಾರಿಯಲ್ಲಿ ಎಷ್ಟು ಸಲ ಡೈಸ್ ಉರುಳಿಸಬೇಕು ಎಂಬುದು ಜಿಎಂಗೆ ಗೊತ್ತಾಗುವುದು ಇದರಿಂದಲೇ. 120ರಲ್ಲಿ 24 ಹೆಕ್ಸ್ ಮಾತ್ರ ತುಂಬಿ.

ಹೆಸರುಗಳ ವಿಷಯ ಚಿಕ್ಕದು, ಆದರೆ ಕಾಡುತ್ತದೆ. ಕೆಂಗಲ್ಲು, ಕೆಂಚನೂರು, ಕೆಂದೊರೆ, ಕೆಂಚರಸ, ಕೆಂಪಯ್ಯ. ಓದುವಾಗ ಕಣ್ಣು ಬೇರ್ಪಡಿಸಿಕೊಳ್ಳುತ್ತದೆ. ಮೇಜಿನ ಸುತ್ತ ಎಲ್ಲವೂ ಕಿವಿಯ ಮೇಲೇ ನಡೆಯಬೇಕು. ಅರ್ಧ ಗಂಟೆಯಲ್ಲಿ ಊರು ಯಾವುದು, ಮಂತ್ರಿ ಯಾರು ಎಂದು ಕಲಸಿಹೋಗುತ್ತದೆ. ಒಂದೇ ಅಕ್ಷರದಿಂದ ಎರಡಕ್ಕಿಂತ ಹೆಚ್ಚು ಹೆಸರು ಬೇಡ.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿಯಿಲ್ಲ. ಪಂಜುರ್ಲಿಯನ್ನು 110 ಹಿಟ್ ಪಾಯಿಂಟಿನ (ಏಟು ತಾಳುವ ಬಲದ ಲೆಕ್ಕ) ಎದುರಾಳಿಯಾಗಿ ಬರೆದಿದ್ದೀರಿ. ಇವತ್ತಿಗೂ ಜನ ನಡೆದುಕೊಳ್ಳುವ, ಹರಕೆ ಹೊರುವ ದೈವ ಅದು. ಕೊಲ್ಲಬಹುದಾದ ಪ್ರಾಣಿಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಹುಟ್ಟಿನಿಂದಲೇ ಕ್ರೂರಿಗಳು ಎಂದು ನೀವು ಬರೆದ ಕಾಡಿನ ಜನರೂ ಹಾಗೆಯೇ ಬೇಡ. ಅವರ ಉಡುಗೆ, ಕಸುಬು ಓದಿದರೆ ಯಾವ ಸಮುದಾಯವನ್ನು ನೋಡಿ ಬರೆದದ್ದೆಂದು ಯಾರಿಗಾದರೂ ಹೊಳೆಯುತ್ತದೆ. ಅಲ್ಲದೆ ಹಂಚಿಕೆಯ ಲೋಕದಲ್ಲಿ ಬೇರೊಂದು ಮೇಜಿನವರು ಆ ಜನರ ನಡುವಿನಿಂದಲೇ ತಮ್ಮ ಪಾತ್ರ ಮಾಡಿಕೊಳ್ಳಬಹುದು. ಅವರಿಗೆ ಜಗಳವಿರಲಿ, ಆ ಜಗಳಕ್ಕೊಂದು ಕಾರಣವಿರಲಿ.

ಊರೂರಿಗೆ ಸಂಜೀವಿ ಕಲ್ಲು ಇಟ್ಟು, ಅದೇ ಸೀಮೆಯಲ್ಲಿ ಅರಸ ಜ್ವರದಿಂದ ಸತ್ತ ಎಂದಿದ್ದೀರಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯಲ್ಲಿ ಸತ್ತವರನ್ನು ಎಬ್ಬಿಸುವ ‘ರೇಸ್ ಡೆಡ್’ ಮಂತ್ರಕ್ಕೆ 500 ಚಿನ್ನದ ನಾಣ್ಯದ ವಜ್ರ ವ್ಯಯವಾಗುತ್ತದೆ. ಬೆಲೆ ಇದ್ದುದರಿಂದಲೇ ಸಾವಿಗೆ ಅಂಜಿಕೆ ಉಳಿದಿದೆ. ಕಲ್ಲು ಒಂದೇ ಇರಲಿ, ವರ್ಷಕ್ಕೆ ಒಂದೇ ಸಲ ಕೆಲಸ ಮಾಡಲಿ, ಸರದಿ ಯಾರದೆಂದು ಇಬ್ಬರು ಹೊಡೆದಾಡಲಿ. ಸೇನಾಪತಿ ವೀರಬಾಹುವನ್ನೂ 20ನೇ ಲೆವೆಲ್ಲಿನಿಂದ ಕೆಳಗಿಳಿಸಿ. ಅಂಥವನು ಕೂಗಳತೆಯಲ್ಲಿರುವಾಗ ಮೂರನೇ ಲೆವೆಲ್ಲಿನ ನಾಲ್ವರನ್ನು ಕರೆದು ಯಾರು ಕೆಲಸ ಕೊಡುತ್ತಾರೆ?

ಇನ್ನು 31ನೇ ಪುಟದ ಸುಂಕದ ಕಟ್ಟೆ. ಇಡೀ ಬರಹದಲ್ಲಿ ನಾವು ಎರಡು ಸಲ ಓದಿದ್ದು ಇದೊಂದನ್ನೇ. ಉಪ್ಪಿನ ಹೇರು ಮಳೆಯಲ್ಲಿ ನೆನೆಯುತ್ತದೆ, ನೆನೆದ ಉಪ್ಪು ಹೆಚ್ಚು ತೂಗುತ್ತದೆ, ಸುಂಕದವನು ಆ ತೂಕಕ್ಕೇ ಹಣ ಕೇಳುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ಗಾದೆಯನ್ನು ಹೇಳದೆಯೇ ತೋರಿಸಿದ್ದೀರಿ. ಇದನ್ನು ಆಟಕ್ಕೆ ಒದಗುವಂತೆ ಬರೆದರೆ ಹೀಗಿರುತ್ತದೆ:

‘ಹೆಬ್ಬಾಗಿಲ ಕಟ್ಟೆ, ಹೆಕ್ಸ್ 04-07. ಘಟ್ಟದ ಅರ್ಧದಾರಿಯ ಸುಂಕದ ಠಾಣೆ, ಆರು ಕಾವಲುಗಾರರು. ಸಂಜೆ ಬಾಗಿಲು ಹಾಕಿದರೆ ಬೆಳಗಾಗದೆ ತೆಗೆಯುವುದಿಲ್ಲ. ಸುಂಕದ ದಾಸಪ್ಪನಿಗೆ ಮಗಳ ಮದುವೆಗೆ ಹಣ ಬೇಕು; ಅವನ ಹತ್ತಿರ ಎರಡು ಜೊತೆ ತೂಕದ ಕಲ್ಲುಗಳಿವೆ, ಮೇಲಿನವರ ಎತ್ತಿಗೆ ಒಂದು, ಕೆಳಗಿನವರ ಎತ್ತಿಗೆ ಒಂದು. ಉಪ್ಪಿನ ವ್ಯಾಪಾರಿ ಮಾಚಿ ಇದನ್ನು ಕಂಡುಕೊಂಡಿದ್ದಾಳೆ. ಯಾರೂ ನಡುವೆ ಬರದಿದ್ದರೆ ಮೂರನೇ ರಾತ್ರಿ ಅವಳ ಕಡೆಯವರು ಠಾಣೆಗೆ ಬೆಂಕಿ ಇಡುತ್ತಾರೆ. ಖಾಲಿ: ಸುಳ್ಳು ಕಲ್ಲುಗಳನ್ನು ಮಾಡಿಕೊಟ್ಟವರು ಯಾರು?’

ಜಾಗ, ಇಬ್ಬರು ಮನುಷ್ಯರು, ಒಬ್ಬೊಬ್ಬರಿಗೂ ಒಂದು ಆಸೆ, ಸುಮ್ಮನಿದ್ದರೆ ಆಗುವ ಅನಾಹುತ, ಜಿಎಂ ತುಂಬಿಕೊಳ್ಳಲು ಒಂದು ಖಾಲಿ ಜಾಗ. ಇಷ್ಟಿದ್ದರೆ ಮೂರು ಗಂಟೆಯ ಸೆಷನ್ ನಡೆಯುತ್ತದೆ. ಇಂಥವು ಹನ್ನೆರಡು ಬೇಕು.

ಮಂತ್ರಿ ಕೆಂಪಯ್ಯನೇ ಎಲ್ಲದರ ಹಿಂದಿರುವವನು ಎಂಬ ಗುಟ್ಟನ್ನು ಎರಡನೇ ಪುಟದಲ್ಲೇ, ಆಟಗಾರರು ಓದುವ ಭಾಗದಲ್ಲೇ ಬಿಟ್ಟುಕೊಟ್ಟಿದ್ದೀರಿ. ಆಟಗಾರರ ಹಾಳೆ, ಜಿಎಂ ಹಾಳೆ ಬೇರೆಬೇರೆ ಇರಲಿ. ಗುಟ್ಟಿಗೆ ಕನಿಷ್ಠ ಮೂರು ಸುಳಿವು, ಮೂರು ಬೇರೆ ಜಾಗದಲ್ಲಿ ಇಡಿ. ಒಂದನ್ನು ನೋಡದೆ ದಾಟಿಹೋಗುತ್ತಾರೆ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಪ್ರತಿ ಸಂಗತಿಯ ಪಕ್ಕದಲ್ಲಿ ‘ನಿಜ’, ‘ವದಂತಿ’, ‘ಖಾಲಿ’ ಎಂದು ಗುರುತು ಹಾಕಿ. ನಿಜ ಎಂದದ್ದು ಎಲ್ಲ ಮೇಜಿಗೂ ಒಂದೇ, ಆದ್ದರಿಂದ ಜಿಪುಣತನ ಮಾಡಿ. ನಿಮ್ಮ ಸೀಮೆಯ ಆಚೆಗಿನದರ ಬಗ್ಗೆ ನೀವು ಬರೆಯಬಹುದಾದ್ದು ವದಂತಿ ಮಾತ್ರ. 2000ದಿಂದ 2008ರವರೆಗೆ ನಡೆದ ಹಂಚಿಕೆಯ ಆಟವಾದ ಲಿವಿಂಗ್ ಗ್ರೇಹಾಕ್‌ನಲ್ಲಿ ಕಲ್ಪನೆಯ ಒಂದೊಂದು ಪ್ರಾಂತ್ಯವನ್ನು ನಿಜವಾದ ಒಂದೊಂದು ದೇಶಕ್ಕೋ ರಾಜ್ಯಕ್ಕೋ ವಹಿಸಿ, ಅಲ್ಲಿನವರಿಂದಲೇ ಸಾಹಸಗಳನ್ನು ಬರೆಸಿದ್ದರು. ಅಷ್ಟು ಕೈಗಳು ಸೇರಿದಾಗ ಗಡಿಯೊಳಗೆ ಯಾರ ಮಾತು ನಡೆಯುತ್ತದೆ ಎಂಬುದು ಮೊದಲೇ ಇತ್ಯರ್ಥವಾಗಿರಬೇಕು.

ಮತ್ತೆ ಕಳಿಸುವುದಾದರೆ ಆರು ಪುಟ ಮೀರದಿರಲಿ: ಆಟಗಾರರಿಗೆ ಒಂದು, ಜಾಗಗಳಿಗೆ ಮೂರು, ಮನುಷ್ಯರಿಗೆ ಒಂದು, ಜಿಎಂಗೆ ಒಂದು. ಕಳಿಸುವ ಮುಂಚೆ ಒಂದು ಜಾಗದ ಟಿಪ್ಪಣಿಯನ್ನು ಬೇರೊಬ್ಬರ ಕೈಗೆ ಕೊಟ್ಟು ಆಡಿಸಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡಬೇಡಿ. ಜಿಎಂ ನಿಮ್ಮ ಮುಖ ನೋಡಿದಾಗೆಲ್ಲ ಅದು ಯಾಕೆಂದು ಬರೆದುಕೊಳ್ಳಿ. ಬರಹದಲ್ಲಿ ಬಿಟ್ಟುಹೋದದ್ದು ಅದೇ.

ನಕಾಶೆ ಪೆನ್ಸಿಲ್ಲಿನದೇ ಸಾಕು, ಬಣ್ಣಕ್ಕೆ ದುಡ್ಡು ಹಾಕಬೇಡಿ. ಉತ್ತರದ ಅಂಚಿನ ಹನ್ನೆರಡು ಹೆಕ್ಸ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಆ ಕಡೆಯ ಸೀಮೆ ಬರೆಯುತ್ತಿರುವವರು ಹೊಳೆಯನ್ನು ಯಾವ ಹೆಕ್ಸ್‌ನಿಂದ ಇಳಿಸುತ್ತಾರೆ ಎಂದು ತೀರ್ಮಾನವಾದ ಮೇಲೆ ನಿಮಗೆ ತಿಳಿಸುತ್ತೇವೆ.