ಕರ್ನಾಟಕದಲ್ಲಿ ಮುಸ್ಲಿಮರು ಹೆಚ್ಚಿರುವ ಐದು ಜಿಲ್ಲೆ ಯಾವುವು? ಅವರಿಗಾಗಿ ಉರ್ದುವಿನಲ್ಲಿ ಒಂದು ಆರೋಗ್ಯ ಕೈಪಿಡಿ ಮಾಡಿದರೆ ಸಾಕೇ?

ಸಾಕಾಗುವುದಿಲ್ಲ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆ ನನ್ನ ಮುಂದೆಯೂ ಇತ್ತು. ಯಾರನ್ನೂ ಕೇಳದೆ ಉತ್ತರ ನಾನೇ ಬರೆದುಕೊಂಡೆ. ಎಂಟು ಸಾವಿರ ಪುಸ್ತಿಕೆ ದಂಡವಾಯಿತು, ನನ್ನ ಕೆಲಸವೂ ಹೋಯಿತು.

ನಾನು ಹುಬ್ಬಳ್ಳಿಯವಳು, ಮನೆಮಾತು ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು. ಬೇಡ ಅನ್ನಲು ‘ನಕ್ಕೋ’, ಯಾಕೆ ಅನ್ನಲು ‘ಕಾಯ್ಕು’ ಅನ್ನುವವರು ನಾವು. ಬಸುರಿಯರ ರಕ್ತಹೀನತೆಯ ಬಗ್ಗೆ ಕೆಲಸ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆ, ‘ನೀವೇ ಆ ಸಮುದಾಯದವರು, ನಿಮಗೆ ಗೊತ್ತಿರುತ್ತದೆ’ ಎಂದು ಮುಸ್ಲಿಂ ಹೆಂಗಸರಿಗಾಗಿ ಪುಸ್ತಿಕೆ ಮಾಡುವ ಕೆಲಸವನ್ನು ನನಗೆ ಒಪ್ಪಿಸಿತು. ನನಗೂ ಹಾಗೇ ಅನ್ನಿಸಿತು.

ಮೊದಲು 2011ರ ಜನಗಣತಿಯ ಧರ್ಮವಾರು ಪಟ್ಟಿ ತೆಗೆದು ಶೇಕಡಾವಾರು ಮೇಲಿಂದ ಕೆಳಕ್ಕೆ ಜೋಡಿಸಿದೆ. ದಕ್ಷಿಣ ಕನ್ನಡ ಸುಮಾರು 24. ಆಮೇಲೆ 20ರ ಆಸುಪಾಸಿನಲ್ಲಿ ಧಾರವಾಡ, ಕಲಬುರಗಿ, ಬೀದರ್, ಹಾವೇರಿ. ನೀವು ಕೇಳಿದ ಐದು ಜಿಲ್ಲೆ ಇವೇ. ಆದರೆ ಈ ಪಟ್ಟಿ ಹಿಡಿದು ಹೊರಡಬೇಡಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಮುಸ್ಲಿಮರು ಶೇಕಡಾ 13ರಷ್ಟೇ, ತಲೆ ಎಣಿಸಿದರೆ 12 ಲಕ್ಷ ದಾಟುತ್ತಾರೆ. ದಕ್ಷಿಣ ಕನ್ನಡದಲ್ಲಿ 5 ಲಕ್ಷ. ದೇಶದ ಮಟ್ಟದಲ್ಲೂ ಹೀಗೇ: ಲಕ್ಷದ್ವೀಪದಲ್ಲಿ ಶೇಕಡಾ 96, ಆದರೆ ಆ ದ್ವೀಪಗಳ ಒಟ್ಟು ಜನಸಂಖ್ಯೆಯೇ 64 ಸಾವಿರ. ಉತ್ತರ ಪ್ರದೇಶದಲ್ಲಿ ಶೇಕಡಾ 19, ಅಲ್ಲಿರುವುದು ಮೂರೂವರೆ ಕೋಟಿಗೂ ಮೇಲೆ. ಎಷ್ಟು ಜನರಿಗೆ ತಲುಪಬೇಕು ಅನ್ನುವವರಿಗೆ ಶೇಕಡಾವಾರು ಏನೂ ಹೇಳುವುದಿಲ್ಲ.

ಆದರೂ ನನ್ನನ್ನು ಮುಳುಗಿಸಿದ್ದು ಅದಲ್ಲ. ಧರ್ಮದ ಪಟ್ಟಿ ನೋಡಿದವಳು ಅದೇ ಜನಗಣತಿಯ ತಾಯ್ನುಡಿ ಪಟ್ಟಿ ತೆರೆಯಲೇ ಇಲ್ಲ. ತೆರೆದಿದ್ದರೆ ಐದು ನಿಮಿಷದ ಕೆಲಸ. ರಾಜ್ಯದಲ್ಲಿ ಮುಸ್ಲಿಮರು ಸುಮಾರು 79 ಲಕ್ಷ, ಉರ್ದು ತಾಯ್ನುಡಿ ಎಂದು ಬರೆಸಿದವರು ಸುಮಾರು 66 ಲಕ್ಷ. ನಡುವೆ 12 ಲಕ್ಷಕ್ಕೂ ಹೆಚ್ಚು ಜನ! ಅವರು ಯಾರು, ಎಲ್ಲಿದ್ದಾರೆ, ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ನಾನು ಕೇಳಲಿಲ್ಲ. ಇನ್ನೂ ನೋವಾಗುವ ಮಾತು ಹೇಳುತ್ತೇನೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಉರ್ದು ಓದಬೇಕೆಂದರೆ ಇವತ್ತಿಗೂ ಒಂದೊಂದೇ ಅಕ್ಷರ ಕೂಡಿಸಿಕೊಳ್ಳುತ್ತೇನೆ. ಕರಡು ಬಂದಾಗ ಅಬ್ಬಾನ ಕೈಗೆ ಕೊಟ್ಟು, ಅವರು ಓದುವುದನ್ನು ಕೂತು ಕೇಳಿ, ‘ಸರಿಯಾಗಿದೆ’ ಎಂದು ಸಹಿ ಹಾಕಿದೆ. ಅದರಲ್ಲಿ ಬಸುರಿಗೆ ‘ಹಾಮಿಲಾ’ ಎಂದಿತ್ತು. ನಮ್ಮ ಓಣಿಯಲ್ಲಿ ‘ಪೇಟ್ ಸೇ ಹೈ’ ಅನ್ನುತ್ತಾರೆಯೇ ಹೊರತು ಹಾಮಿಲಾ ಅನ್ನುವವರನ್ನು ನಾನು ಕಂಡಿಲ್ಲ. ಆ ಪುಸ್ತಿಕೆ ನನಗೇ ಓದಲು ಬರುತ್ತಿರಲಿಲ್ಲ. ನನ್ನ ಹಾಗೇ ಸರ್ಕಾರಿ ಕನ್ನಡ ಶಾಲೆಗೆ ಹೋದ ಲಕ್ಷಾಂತರ ಹೆಣ್ಣುಮಕ್ಕಳು ಅದನ್ನು ಹೇಗೆ ಓದುತ್ತಾರೆ ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ನಮ್ಮ ಮನೆಯನ್ನೇ ಇಡೀ ರಾಜ್ಯ ಎಂದುಕೊಂಡಿದ್ದೆ, ಆ ಮನೆಯನ್ನಾದರೂ ಸರಿಯಾಗಿ ನೋಡಿರಲಿಲ್ಲ.

ಮೊದಲು ಹೋದದ್ದು ಬಂಟ್ವಾಳದ ಕಡೆಗೆ. ಪುಸ್ತಿಕೆ ಹಂಚಿ ಮೂರು ವಾರದ ಮೇಲೆ, ಎಷ್ಟು ಜನ ಕಬ್ಬಿಣಾಂಶದ ಮಾತ್ರೆ ತಗೊಂಡಿದ್ದಾರೆ ನೋಡೋಣ ಎಂದು ಒಂದು ಹಂಚಿನ ಮನೆಗೆ ಹೋದೆ. ಜಗಲಿಯಲ್ಲಿ ಅತ್ತೆ ಸೊಸೆ ಇಬ್ಬರೂ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸೊಸೆಗೆ ಆರು ತಿಂಗಳು. ಪುಸ್ತಿಕೆ ಎಲ್ಲಿ ಎಂದೆ. ಅಜ್ಜಿ ಎದ್ದು ಕೈ ತೊಳೆದುಕೊಂಡು ಬಂದರು. ಒಳಗೆ ಗೋಡೆಯ ಎತ್ತರದ ಹಲಗೆಯ ಮೇಲೆ, ಬಟ್ಟೆ ಸುತ್ತಿದ ಕುರ್‌ಆನಿನ ಪಕ್ಕದಿಂದ ಅದನ್ನು ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. ಒಂದು ಮಡಿಕೆಯೂ ಬಿದ್ದಿರಲಿಲ್ಲ.

‘ಇದು ಕುರ್‌ಆನಿನ ಅಕ್ಷರ ಅಲ್ವಾ, ಕೆಳಗೆ ಇಡ್ಲಿಕ್ಕೆ ಆಗ್ತದಾ?’ ಎಂದರು. ಆಮೇಲೆ ಓದಲು ನೋಡಿದರು. ಅವರಿಗೆ ಅರಬಿ ಓದಲು ಚೆನ್ನಾಗಿ ಬರುತ್ತಿತ್ತು. ಆದರೆ ಕುರ್‌ಆನಿನಲ್ಲಿ ಅಕ್ಷರಕ್ಕೆ ಸ್ವರಚಿಹ್ನೆ ಇರುತ್ತದೆ, ಉರ್ದು ಅಚ್ಚಿನಲ್ಲಿ ಇರುವುದಿಲ್ಲ. ಎರಡನೇ ಪದದಲ್ಲೇ ಅರಬಿಯಲ್ಲಿಲ್ಲದ ‘ಗಾಫ್’ ಬಂತು. ಬೆರಳು ಅಲ್ಲೇ ನಿಂತಿತು. ‘ಇದು ಎಂತ ಅಕ್ಷರ ಮಗಾ?’ ಎಂದು ಕೇಳಿದರು.

ಅವರು ಬ್ಯಾರಿಗಳು. ಮನೆಮಾತು ಬ್ಯಾರಿ, ಮಲಯಾಳಕ್ಕೆ ಹತ್ತಿರದ, ತುಳುವಿನ ಜೊತೆ ಬೆಳೆದ ನುಡಿ. ಬರೆಯುವುದು ಕನ್ನಡ ಲಿಪಿಯಲ್ಲಿ. ಬ್ಯಾರಿ ಸಾಹಿತ್ಯ ಅಕಾಡೆಮಿ ಅಂತಲೇ ಸರ್ಕಾರದ ಒಂದು ಅಕಾಡೆಮಿ ಇದೆ. ಸೊಸೆ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ್ದಳು. ಕನ್ನಡದಲ್ಲಿ ಅಚ್ಚು ಹಾಕಿಸಿದ್ದರೆ ಆ ಮೂರು ವಾರ ಅವಳು ಮಾತ್ರೆ ತಿಂದಿರುತ್ತಿದ್ದಳು. ಅವಳ ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡಿದೆ, ಬೆಳ್ಳಗಿತ್ತು, ರಕ್ತ ಕಡಿಮೆ ಇರುವ ಗುರುತು. ಆ ಬಿಳುಪು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕರಾವಳಿಗೆ ಇಸ್ಲಾಂ ಬಂದದ್ದು ಸುಲ್ತಾನರ ಜೊತೆಗಲ್ಲ, ಅರಬ್ ವ್ಯಾಪಾರಿಗಳ ಹಡಗಿನಲ್ಲಿ. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಕಂಡೆನೆಂದು ಬರೆದಿದ್ದಾನೆ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠ ಎಂದೂ ಹೇಳುತ್ತಾನೆ. ಆ ಅಜ್ಜಿಯ ಬೆರಳು ಎಷ್ಟು ಹಳೆಯ ದಾರಿಯಲ್ಲಿ ಹೋಗುತ್ತಿತ್ತು ಎಂಬುದು ನನಗೆ ಅದನ್ನು ಓದಿದ ಮೇಲೆ ಅರ್ಥವಾಯಿತು. ಭಟ್ಕಳದ ನವಾಯತರು ಕೊಂಕಣಿಯ ಒಂದು ಬಗೆಯನ್ನು ಮಾತಾಡುತ್ತಾರೆ. ಬ್ಯಾರಿ, ನವಾಯತ ಇಬ್ಬರೂ ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಶಾಫಿ ಪಂಥದವರು. ಘಟ್ಟದ ಮೇಲಿನ ನಾವು ಹೆಚ್ಚಿನವರು ಇನ್ನೊಂದು ಪಂಥದ ಹನಫಿಗಳು. ನಮ್ಮ ಕಥೆ ಬೇರೆ: 1347ರಲ್ಲಿ ಕಲಬುರಗಿಯಲ್ಲಿ ಬಹಮನಿಗಳು, ಆಮೇಲೆ ಬೀದರ್, ವಿಜಯಪುರದ ಆದಿಲ್‌ಶಾಹಿಗಳು, ಸೂಫಿ ಸಂತ ಖ್ವಾಜಾ ಬಂದೇ ನವಾಜರ ದರ್ಗಾ. ಕಲಬುರಗಿ, ಬೀದರ್, ರಾಯಚೂರು 1948ರ ತನಕ ನಿಜಾಮನ ಕೈಯಲ್ಲಿದ್ದವು, ಅಲ್ಲಿ ಉರ್ದು ಆಡಳಿತದ ಭಾಷೆ. ಹಾಗಾಗಿ ಬೀದರಿನ ಹಳೆಯ ಓಣಿಗಳಲ್ಲಿ ನನ್ನ ಪುಸ್ತಿಕೆ ಒಂದಿಷ್ಟು ಓದಿಸಿಕೊಂಡಿತು. ಹಳೇ ಮೈಸೂರಿನ ಕಡೆ ಮುಸ್ಲಿಮರು ಹೆಚ್ಚಾಗಿ ಪೇಟೆಗಳಲ್ಲಿ: ರಾಮನಗರದ ರೇಷ್ಮೆ, ಚನ್ನಪಟ್ಟಣದ ಗೊಂಬೆ. ಮಂಡ್ಯ ಜಿಲ್ಲೆಯಲ್ಲಿ ಶೇಕಡಾ 4ರಷ್ಟೇ. ಕೊಡಗಿನಲ್ಲಿ ಕೊಡವ ತಕ್ಕ್ ಮಾತಾಡುವ ಮಾಪಿಳ್ಳೆ ಮುಸ್ಲಿಮರಿದ್ದಾರೆ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಮುಸ್ಲಿಮರಿದ್ದಾರೆ.

ನಮ್ಮ ಹುಬ್ಬಳ್ಳಿಗೆ ಎರಡು ತಾಸು ದೂರವೂ ಇಲ್ಲದ ಹಾವೇರಿಯಲ್ಲೂ ನಾನು ಸೋತೆ. ಒಂದು ಹಳ್ಳಿಯಲ್ಲಿ ಪಿಂಜಾರರ ಮನೆಗಳೇ ಜಾಸ್ತಿ. ನದಾಫ ಎಂದು ಹೆಸರು, ಅರಳೆ ಹಿಂಜಿ ಗಾದಿ ಮಾಡುವುದು ಹಿರಿಯರಿಂದ ಬಂದ ಕಸುಬು. ನಾನು ದಖನಿಯಲ್ಲಿ ಶುರು ಮಾಡಿದೆ. ಗಾದಿ ಹೊಲಿಯುತ್ತಿದ್ದ ಮುದುಕರೊಬ್ಬರು ಸೂಜಿ ಕೆಳಗಿಟ್ಟು, ‘ಯವ್ವಾ, ನಾವು ಕನ್ನಡದೋರು. ಕನ್ನಡದಾಗ ಹೇಳಬೇ’ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಲ್ಲಿ ಉರ್ದು ಪುಸ್ತಿಕೆ ಚೀಲದಿಂದ ತೆಗೆಯಲಿಲ್ಲ.

ಈಗ ನಿಮಗೆ. ‘ಮುಸ್ಲಿಮರಿಗಾಗಿ ಒಂದು ಕೈಪಿಡಿ’ ಎಂಬ ಯೋಜನೆಯನ್ನೇ ಕೈಬಿಡಿ. ಅಂಥ ಒಂದೇ ಓದುಗ ಬಳಗ ಈ ರಾಜ್ಯದಲ್ಲಿ ಇಲ್ಲ. ಜಿಲ್ಲೆ ಬಿಟ್ಟು ತಾಲೂಕು ಹಿಡಿಯಿರಿ. ಪ್ರತಿ ಊರಲ್ಲೂ ಆಶಾ ಕಾರ್ಯಕರ್ತೆಯನ್ನು ಎರಡೇ ಪ್ರಶ್ನೆ ಕೇಳಿ: ಈ ಮನೆಗಳಲ್ಲಿ ಮಾತಾಡುವುದು ಏನು, ಓದುವುದು ಯಾವುದರಲ್ಲಿ? ಎರಡಕ್ಕೂ ಉತ್ತರ ಒಂದೇ ಆಗಿರುತ್ತದೆ ಎಂದುಕೊಳ್ಳಬೇಡಿ. ಅಚ್ಚು ಹಾಕಿಸುವುದಾದರೆ ಮೊದಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿಸಿ. ಬೀದರ್, ಕಲಬುರಗಿ ಕಡೆಗೆ ಮಾತ್ರ ಉರ್ದುವೂ ಇರಲಿ. ಉರ್ದುವಿಗೆ ಇದು ಅವಮಾನ ಎಂದು ನನ್ನ ಮೇಲೆ ಸಿಟ್ಟಾದವರಿದ್ದಾರೆ. ಉರ್ದು ನನ್ನ ತಾಯಿಯ ಮಾತು, ಅದರ ಮೇಲೆ ನನಗೂ ಪ್ರೀತಿ ಇದೆ. ಆದರೆ ಬಸುರಿಗೆ ಬೇಕಾದದ್ದು ಮಾತ್ರೆ.

ಕೆಲಸ ಹೋದ ಮೇಲೆ ಕೈಯಿಂದ ದುಡ್ಡು ಹಾಕಿ ಕನ್ನಡದಲ್ಲಿ ಇನ್ನೂರು ಪ್ರತಿ ಮಾಡಿಸಿದೆ. ಸವಣೂರಿನ ಒಂದು ಮನೆಯಲ್ಲಿ ಎಂಟನೇ ತರಗತಿಯ ಹುಡುಗಿ ಅದನ್ನು ಹಿಡಿದು ಅಕ್ಕನ ಎದುರು ಕೂತಳು. ಒಂದು ಸಾಲು ಕನ್ನಡದಲ್ಲಿ ಓದುವುದು, ಅದನ್ನೇ ದಖನಿಯಲ್ಲಿ ಹೇಳುವುದು. ‘ಚಹಾದ ಜೊತೆ ಮಾತ್ರೆ ತೆಗೆದುಕೊಳ್ಳಬಾರದು’ ಎಂಬಲ್ಲಿಗೆ ಬಂದಾಗ ಅಕ್ಕ ಕೈಲಿದ್ದ ಕಪ್ಪು ಕೆಳಗಿಟ್ಟು, ‘ಫಿರ್ ಪಡ್’ ಎಂದಳು. ಹುಡುಗಿ ಇನ್ನೊಮ್ಮೆ ಓದಿದಳು.