ಎಣಿಸದೇ ಹೇಗೋ ಗೊತ್ತಾಯ್ತು ನಿಂಗೆ?

ಲೆಕ್ಕ ಬರದೆ ನನ್ನ ಬಳಿ ಬಂದ ಹುಡುಗಿಯೊಬ್ಬಳ ಈ ಪ್ರಕರಣದಲ್ಲಿ ಮೊದಲು ಎಡವಿದ್ದು ಆಪ್ತಸಮಾಲೋಚಕಿಯಾದ ನಾನೇ. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ಮಕ್ಕಳು ಆಮೇಲೂ ಬರುತ್ತಲೇ ಇದ್ದಾರೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಎಂದು ಕರೆಯುತ್ತೇನೆ.

ಪುಟ್ಟಿಗೆ 10 ವರ್ಷ. ಕಥೆ ಪುಸ್ತಕ ಸಿಕ್ಕರೆ ಊಟ ಮರೆಯುವವಳು, ಮಾತಿನಲ್ಲೂ ಚುರುಕು. ಗಣಿತ ಪರೀಕ್ಷೆಯ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ವಾಂತಿ. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದಿದ್ದರು. ಅಮ್ಮ ದಿನಾ ಎರಡು ಗಂಟೆ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸುತ್ತಿದ್ದರು. ರಾತ್ರಿ ಏಳರ ಮಗ್ಗಿ ಗಡಗಡ ಒಪ್ಪಿಸಿದವಳು ಬೆಳಿಗ್ಗೆ ಏಳ್ಮೂರ್ಲಿ ಎಷ್ಟು ಅಂದರೆ ಪಿಳಿಪಿಳಿ ನೋಡುತ್ತಿದ್ದಳು.

"ನಾಟಕ ಆಡ್ತಾಳೆ ಮೇಡಂ," ಎಂದರು ಅಪ್ಪ.

ನನಗೆ ಕಂಡದ್ದು ಭಯ. ಹಾಗಾಗಿ ಭಯಕ್ಕೇ ಮದ್ದು ಮಾಡಿದೆ. ನಿಧಾನ ಉಸಿರಾಟ ಕಲಿಸಿದೆ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ, ಮನಸ್ಸಿನಲ್ಲಿರುವ ದಿಗಿಲನ್ನೆಲ್ಲ ಕಾಗದದ ಮೇಲೆ ಬರೆದುಬಿಡು ಎಂದೆ. ಇವು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಲೆಕ್ಕ ಮಾಡುವಾಗ ಮೊತ್ತ, ದಶಕ ಎಲ್ಲವನ್ನೂ ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದುಕೊಂಡಿರಬೇಕಲ್ಲ, ಆ ಜಾಗವನ್ನು ಭಯ ಕಬಳಿಸುತ್ತದೆ. ಭಯ ಇಳಿದರೆ ಜಾಗ ಸಿಗುತ್ತದೆ. ಬಹಳ ಮಕ್ಕಳಿಗೆ ಇಷ್ಟೇ ಸಾಕಾಗಿದೆ.

ವಾಂತಿ ನಿಂತಿತು. ಅಪ್ಪ ಅಮ್ಮ ಖುಷಿಯಾದರು. ಅಂಕ ಮಾತ್ರ ಇದ್ದಲ್ಲೇ ಇತ್ತು. ನಾಲ್ಕನೇ ಭೇಟಿಯಲ್ಲಿ ಪುಟ್ಟಿ ಕೇಳಿದಳು: "ಆಂಟಿ, ಈಗ ಭಯ ಆಗಲ್ಲ. ಆದ್ರೂ ಬರ್ತಿಲ್ಲ. ಹಂಗಾದ್ರೆ ನಾನು ದಡ್ಡಿನೇ ಅಲ್ವಾ?"

ಅಲ್ಲಿಯವರೆಗೆ ಭಯವಾದರೂ ಅವಳಿಗೆ ಒಂದು ನೆಪವಾಗಿತ್ತು. ನಾನು ಅದನ್ನೂ ಕಿತ್ತುಕೊಂಡಿದ್ದೆ. ಅವತ್ತು ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಐದನೇ ಭೇಟಿಗೆ ಅವಳ ತಮ್ಮನೂ ಬಂದಿದ್ದ, 6 ವರ್ಷದವನು. ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಪುಣ್ಯ. ನಾನು ಅಂಗಿ ಗುಂಡಿಗಳ ಡಬ್ಬಿ ತೆಗೆದು ಆಟಕ್ಕೆ ಕೂರಿಸಿದೆ. ಕೆಲವು ಗುಂಡಿಗಳನ್ನು ಹರಡುವುದು, ಒಂದು ಕ್ಷಣ ತೋರಿಸಿ ಬಟ್ಟೆ ಮುಚ್ಚುವುದು, ಎಷ್ಟಿತ್ತು ಎಂದು ಕೇಳುವುದು. ನಾಲ್ಕು ಹಾಕಿದೆ. ತಮ್ಮ ತಟ್ಟನೆ "ನಾಲ್ಕು" ಎಂದ. ಪುಟ್ಟಿಯ ಬೆರಳುಗಳು ಮೇಜಿನ ಕೆಳಗೆ ಇನ್ನೂ ಆಡುತ್ತಿದ್ದವು. ಬಟ್ಟೆ ಸರಿಸಿದೆ. ಅವಳು ಒಂದೊಂದೇ ಗುಂಡಿ ಮುಟ್ಟಿ ಎಣಿಸಿದಳು. ನಾಲ್ಕೇ ಇತ್ತು. ಅದೇ ಗುಂಡಿಗಳನ್ನು ಅವಳ ಕಣ್ಣೆದುರೇ ಸ್ವಲ್ಪ ದೂರ ದೂರ ಇಟ್ಟು "ಈಗ?" ಎಂದೆ. ಮತ್ತೆ ಒಂದರಿಂದ ಶುರು ಮಾಡಿದಳು.

ಆಮೇಲೆ ತಮ್ಮನ ಕಡೆ ತಿರುಗಿದಳು. ಕೋಪ ಇರಲಿಲ್ಲ, ಬರೀ ಅಚ್ಚರಿ.

"ಎಣಿಸದೇ ಹೇಗೋ ಗೊತ್ತಾಯ್ತು ನಿಂಗೆ?"

"ನಾಲ್ಕಿದೆಯಲ್ಲಾ. ಕಾಣ್ಸುತ್ತೆ," ಎಂದ ಅವನು.

"ನೀನೂ ಒಳಗೊಳಗೇ ಎಣಿಸ್ತೀಯ ಅಂದ್ಕೊಂಡಿದ್ದೆ. ಎಲ್ರೂ ನನಗಿಂತ ಬೇಗ ಎಣಿಸ್ತಾರೆ ಅಷ್ಟೇ ಅಂದ್ಕೊಂಡಿದ್ದೆ."

ಮೂಲೆಯಲ್ಲಿ ಕೂತಿದ್ದ ಅಮ್ಮ ಬಾಯಿಗೆ ಕೈ ಇಟ್ಟುಕೊಂಡರು. ಐದು ವರ್ಷ ಈ ಮಗು ತರಗತಿಯಲ್ಲಿ ಕೂತಿದೆ. ಬೇರೆಯವರಿಗೆ ಕಣ್ಣಿಗೆ ಕಾಣುವುದನ್ನು ತಾನು ಕೈಯಲ್ಲಿ ತಡಕುತ್ತಿದ್ದೇನೆ ಎಂದು ಅದಕ್ಕೆ ಗೊತ್ತೇ ಇರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಮೂರು ನಾಲ್ಕು ವಸ್ತುಗಳನ್ನು ಎಣಿಸದೇ ಗುರುತಿಸುವುದು ಹೆಚ್ಚಿನವರಿಗೆ ತಾನಾಗಿ ಬರುತ್ತದೆ. ಕೆಲವು ಮಕ್ಕಳಿಗೆ ಬರುವುದಿಲ್ಲ, ಅಥವಾ ನಿಧಾನ. 9 ದೊಡ್ಡದೋ 5 ದೊಡ್ಡದೋ ಎನ್ನುವುದೂ ಅವರಿಗೆ ಲೆಕ್ಕ ಹಾಕಿ ತಿಳಿಯಬೇಕಾದ ವಿಷಯ. ಪ್ರಮಾಣದ ಈ ಅರಿವಿಗೆ ಮಿದುಳಿನ ಪಕ್ಕದ ಮೇಲ್ಭಾಗದ ಒಂದು ಮಡಿಕೆಗೆ ದೊಡ್ಡ ಪಾತ್ರ ಇದೆ. ಅದು ಬೇರೆ ರೀತಿ ಕೆಲಸ ಮಾಡುವುದನ್ನು ಡಿಸ್ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆ, ಲೆಕ್ಕ ಕಲಿಯುವುದೇ ಕಷ್ಟವಾಗುವ ತೊಂದರೆ, ಇರುವವರಲ್ಲಿ ಕಂಡಿದ್ದಾರೆ. ಲಾಡಿಸ್ಲಾವ್ ಕೋಷ್ಚ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲೇ ಈ ತೊಂದರೆಯ ಬಗ್ಗೆ ಬರೆದಿದ್ದರು. ಸಾಮಾನ್ಯ ಅಂದಾಜಿನಂತೆ 100ರಲ್ಲಿ 3ರಿಂದ 7 ಜನರಿಗೆ ಇದು ಇರುತ್ತದೆ. ಅಂದರೆ ಹೆಚ್ಚುಕಡಿಮೆ ಪ್ರತಿ ತರಗತಿಯಲ್ಲಿ ಒಬ್ಬರು. ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಬಗ್ಗೆ ಕೇಳಿರುವ ಶಿಕ್ಷಕರಲ್ಲೂ ಇದರ ಹೆಸರು ಕೇಳದವರಿದ್ದಾರೆ.

ಗುಂಡಿ ಆಟದಿಂದ ಏನೂ ತೀರ್ಮಾನ ಆಗುವುದಿಲ್ಲ. ಹೆಸರು ಕೊಡುವ ಕೆಲಸ ನನ್ನದೂ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳಿಸಿದೆ. ಅವರು ಕಣ್ಣು, ಕಿವಿ, ಶಾಲೆಯಲ್ಲಿ ಕಲಿಸಿದ ರೀತಿ, ಬುದ್ಧಿಮಟ್ಟ ಎಲ್ಲ ನೋಡಿ ಡಿಸ್ಕ್ಯಾಲ್ಕುಲಿಯಾ ಎಂದು ವರದಿ ಕೊಟ್ಟರು. "ಮಗುವಿಗೆ ಹಣೆಪಟ್ಟಿ ಯಾಕೆ ಹಚ್ಚಬೇಕು?" ಎಂದು ಅಪ್ಪ ಕೇಳಿದರು. ದಡ್ಡಿ, ಸೋಮಾರಿ, ನಾಟಕದವಳು ಎನ್ನುವ ಮೂರು ಹಣೆಪಟ್ಟಿ ಆಗಲೇ ಇವೆಯಲ್ಲ ಸರ್ ಎಂದೆ. ಸ್ವಲ್ಪ ಒರಟಾಯಿತು. ಆದರೂ ಹೇಳಬೇಕಿತ್ತು.

ನನ್ನ ಮೊದಲ ಸಲಹೆಗೇ ಜಗಳ ಆಯಿತು: ಅಮ್ಮ ಮೂರು ತಿಂಗಳು ಲೆಕ್ಕ ಹೇಳಿಕೊಡಬಾರದು. ಒಂದು ಲೆಕ್ಕವನ್ನೂ! "ಹೆತ್ತ ತಾಯಿಗೇ ಬೇಡ ಅಂತೀರಾ?" ಎಂದು ಅಜ್ಜಿ ಫೋನ್ ಮಾಡಿ ಕೇಳಿದರು. ಶಾಲೆಯ ಟೀಚರ್ ಕೂಡ ಮೂಗು ಮುರಿದರಂತೆ. ನಾನು ಬಗ್ಗಲಿಲ್ಲ. ಯಾಕೆಂದರೆ ಗುಂಡಿ ಆಟದ ದಿನ ಹೊರಡುವಾಗ ಆ ತಾಯಿ ತಗ್ಗಿದ ದನಿಯಲ್ಲಿ ಹೇಳಿದ್ದರು: "ಲೆಕ್ಕ ಅಂದ್ರೆ ನಂಗೂ ಚಿಕ್ಕಂದಿನಿಂದ ಕೈ ನಡುಗುತ್ತೆ ಮೇಡಂ. ಇವಳು ತಪ್ಪು ಮಾಡಿದ್ರೆ ನಾನೇ ತಪ್ಪು ಮಾಡ್ದಂಗೆ ಆಗುತ್ತೆ." 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಒಂದು, ಎರಡನೇ ತರಗತಿಯ ಮಕ್ಕಳನ್ನು ನೋಡಿತ್ತು. ಗಣಿತಕ್ಕೆ ಹೆದರುವ ತಂದೆತಾಯಿ ಪದೇಪದೇ ಹೋಂವರ್ಕ್ ಮಾಡಿಸಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಕಲಿತದ್ದು ಕಡಿಮೆ, ಹೆದರಿದ್ದು ಜಾಸ್ತಿ. ಅಷ್ಟೇ ಹೆದರಿಕೆ ಇದ್ದೂ ಹೋಂವರ್ಕಿಗೆ ಜಾಸ್ತಿ ಕೈ ಹಾಕದವರ ಮಕ್ಕಳಲ್ಲಿ ಹೀಗೆ ಕಾಣಲಿಲ್ಲ. ಅಮ್ಮನ ಪ್ರೀತಿಯನ್ನು ನಾನು ದೂರುತ್ತಿಲ್ಲ. ದಿನಕ್ಕೆ ಎರಡು ಗಂಟೆ ಇಬ್ಬರೂ ನಡುಗುತ್ತಾ ಕೂರುವುದು ಬೇಡ ಎಂದೆ, ಅಷ್ಟೇ.

ಆ ಎರಡು ಗಂಟೆಯ ಬದಲು ವಿಶೇಷ ಶಿಕ್ಷಕಿಯ ಜೊತೆ ಇಪ್ಪತ್ತು ನಿಮಿಷ. ಮಗ್ಗಿ ಬದಿಗಿಟ್ಟು ಗುಂಡಿಗಳಿಂದ ಶುರು. ಐದೈದರ ಎರಡು ಸಾಲು, ಹತ್ತು ಮನೆ. ಏಳು ಎಂದರೆ ಒಂದು ಸಾಲು ತುಂಬಿ ಮೇಲೆ ಎರಡು, ಹತ್ತಕ್ಕೆ ಮೂರು ಕಡಿಮೆ. ಇದು ಕೈಗೂ ಕಣ್ಣಿಗೂ ಹತ್ತಿದ ಮೇಲೆ ಚಿತ್ರ, ಆಮೇಲೆ ಅಂಕಿ. ಬಿಡಿ, ಹತ್ತು, ನೂರು ಸಾಲು ತಪ್ಪದಿರಲು ಚೌಕುಳಿ ಹಾಳೆ. ಗಡಿಯಾರ ಇಟ್ಟು ಲೆಕ್ಕ ಮಾಡಿಸುವುದು ಪೂರ್ತಿ ಬಂದ್. ಬೆರಳು ಮೇಜಿನ ಮೇಲೇ ಇರಲಿ, ಯಾರೂ ಬೈಯಬಾರದು.

ದೊಡ್ಡ ಲೆಕ್ಕಗಳಿಗೆ ಮಗ್ಗಿ ಪಟ್ಟಿ, ಕ್ಯಾಲ್ಕುಲೇಟರ್ ಕೊಡಿ ಎಂದಾಗ ಅಪ್ಪ ಮತ್ತೆ ಕೇಳಿದರು: "ಹಂಗಾದ್ರೆ ಕಲಿಯೋದು ಯಾವಾಗ?" ಈ ಪ್ರಶ್ನೆಯಲ್ಲಿ ನ್ಯಾಯ ಇದೆ. ನನ್ನ ಉತ್ತರ ಇಷ್ಟು: ಎಷ್ಟು ಗೋಡೆಗೆ ಎಷ್ಟು ಡಬ್ಬಿ ಬಣ್ಣ ಬೇಕು, ಕೂಡಬೇಕೋ ಗುಣಿಸಬೇಕೋ ಎಂದು ಯೋಚಿಸುವುದು ಒಂದು ಕಲಿಕೆ. ಏಳೆಂಟ್ಲಿ ನೆನಪಿಡುವುದು ಇನ್ನೊಂದು. ಎರಡನೆಯದರಲ್ಲಿ ಸಿಕ್ಕಿಬಿದ್ದ ಮಗುವಿಗೆ ಮೊದಲನೆಯದರ ಬಾಗಿಲೇ ತೆರೆಯುವುದಿಲ್ಲ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಎಂಟು ತಿಂಗಳಾಯಿತು. ಏಳರ ಮಗ್ಗಿ ಇವತ್ತಿಗೂ ಬೆಳಗಾಗುವುದರೊಳಗೆ ಮಾಯ. ಬಹುಶಃ ಮುಂದೆಯೂ ಹೀಗೇ ಇರಬಹುದು, ಅದನ್ನು ಅಪ್ಪ ಅಮ್ಮನಿಗೆ ಮುಚ್ಚಿಟ್ಟಿಲ್ಲ. ಹೋದ ಸಲ ಎಂಟು ಗುಂಡಿಗಳನ್ನು ಆ ಎರಡು ಸಾಲಿನ ಮನೆಗಳಲ್ಲಿಟ್ಟು, ತೋರಿಸಿ ಬಟ್ಟೆ ಮುಚ್ಚಿದೆ. "ಎಂಟು" ಎಂದಳು. ಹೇಗೆ ಗೊತ್ತಾಯ್ತು ಎಂದೆ. "ಮೇಲಿನ ಸಾಲು ಐದು ಅಂತ ಗೊತ್ತಿತ್ತು. ಕೆಳಗಿನ ಮೂರು ಮಾತ್ರ ಎಣಿಸ್ದೆ," ಎಂದಳು.

ಶಾಲೆಯವರು ಪರೀಕ್ಷೆಗೆ ಹೆಚ್ಚುವರಿ ಸಮಯ ಕೊಟ್ಟಿದ್ದಾರೆ. ಕ್ಯಾಲ್ಕುಲೇಟರಿಗೆ ಒಪ್ಪಿಲ್ಲ. ಸೈಕಾಲಜಿಸ್ಟ್ ವರದಿಯ ಪ್ರತಿ ಇಟ್ಟು ಎರಡನೇ ಪತ್ರ ಬರೆದಿದ್ದೇನೆ. ಈ ಸಲ ಅದಕ್ಕೆ ಅಪ್ಪನೂ ಸಹಿ ಹಾಕಿದ್ದಾರೆ.