ಹಳೆಯ ಶೇವಿಂಗ್ ಬ್ರಷ್‌ನ ಹಿಡಿಯನ್ನು ತೊಳೆಯುವುದೆಷ್ಟು, ಉಜ್ಜುವುದೆಷ್ಟು?

ಪ್ರಶ್ನೆ: ಹಳೆಯ ಸಾಮಾನುಗಳ ನಡುವೆ ನನಗೊಂದು ಶೇವಿಂಗ್ ಬ್ರಷ್ ಸಿಕ್ಕಿದೆ. ಹಿಡಿ ಜೇನಿನ ಛಾಯೆಯ ಹಳದಿ ಬಣ್ಣದ್ದು. ಕೂದಲು ಕೂರುವ ಕತ್ತಿನ ಸುತ್ತ ಸುಣ್ಣದಂಥ ಬಿಳಿಯ ಪದರ ಕಟ್ಟಿದೆ, ಕೆತ್ತಿದ ಅಕ್ಷರಗಳ ಬಣ್ಣ ಮಾಸಿದೆ, ಬಾಯಿಯ ಅಂಚಿನಲ್ಲಿ ಸಣ್ಣ ಬಿರುಕೂ ಇದೆ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಡಬಹುದೆ? ಹಿಡಿ ಮತ್ತೆ ಬೆಳ್ಳಗಾದೀತೆ?

ಉತ್ತರ: ನೆನೆಸಿಡುವುದು ಬೇಡ. ವಿನೆಗರ್ ಕೆಲಸಕ್ಕೆ ಬರುತ್ತದೆ, ಆದರೆ ಹಿಡಿ ಯಾವುದರಿಂದ ಮಾಡಿದ್ದೆಂದು ತಿಳಿದ ಮೇಲೆಯೇ ಅದನ್ನು ಮುಟ್ಟಬೇಕು. ಮೂಳೆ ಮತ್ತು ದಂತವನ್ನು ಆಮ್ಲ ತಿನ್ನುತ್ತದೆ. ಕೊಂಬು ಮತ್ತು ಮರ ನೀರು ಕುಡಿದು ಆಕಾರ ಕೆಡುತ್ತವೆ. ಹಿಡಿಯನ್ನು ಬೆಚ್ಚಗಾಗುವವರೆಗೆ ಹೆಬ್ಬೆರಳಿನಿಂದ ತಿಕ್ಕಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ಔಷಧದಂಥ ಘಾಟು ಬಂದರೆ ಫಿನಾಲಿಕ್ ರಾಳ, ಅಂದರೆ ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್‌ನ ಬಳಗದ್ದು. ಕಾದ ಸೂಜಿ ಚುಚ್ಚಿ ನೋಡುವ ಹಳೆಯ ಪರೀಕ್ಷೆಗೆ ಕೈಹಾಕಬೇಡಿ, ಸೆಲ್ಯುಲಾಯ್ಡ್ ಥಟ್ಟನೆ ಹೊತ್ತಿಕೊಳ್ಳುತ್ತದೆ.

ನಿಮ್ಮ ವಿವರಣೆಯಿಂದ ಇದು ಅಚ್ಚಿಗೆ ಸುರಿದು ಮಾಡಿದ ಫಿನಾಲಿಕ್ ಹಿಡಿಯಿರಬಹುದು ಎನಿಸುತ್ತದೆ. ಮೆಟಲ್ ಪಾಲಿಶ್ ಹಚ್ಚಿದ ಬಟ್ಟೆಯಿಂದ ಬುಡವನ್ನು ಒರೆಸಿದಾಗ ಬಟ್ಟೆಗೆ ಹಳದಿ ಹತ್ತಿದರೆ ಆ ಊಹೆ ಬಲವಾಗುತ್ತದೆ.

ಕತ್ತಿನ ಬಿಳಿಯ ಪದರವು ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಉಂಟಾದದ್ದು, ಆದ್ದರಿಂದ ಎಷ್ಟು ಸೋಪು ಹಾಕಿ ತಿಕ್ಕಿದರೂ ಅದು ಜಗ್ಗುವುದಿಲ್ಲ. ವಿನೆಗರ್‌ಗೆ ಅದರ ಮೂರು ನಾಲ್ಕು ಪಟ್ಟು ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕತ್ತಿಗೆ ಕೆಲವೇ ನಿಮಿಷ ಸುತ್ತಿಡಿ. ಪದರ ಮೆತ್ತಗಾಗಿ ಬೆರಳಿಗೆ ಜಿಡ್ಡು ಜಿಡ್ಡಾಗಿ ಹತ್ತುತ್ತದೆ. ಆಮ್ಲದಿಂದ ಬಿಡುಗಡೆಯಾದ ಕೊಬ್ಬಿನಂಶವೇ ಆ ಜಿಡ್ಡು. ಈಗ ಪಾತ್ರೆ ತೊಳೆಯುವ ದ್ರವವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಹಾಕಿ ತಿಕ್ಕಿದರೆ ಅದು ಸುಲಭವಾಗಿ ಹೋಗುತ್ತದೆ. ಬಿಸಿನೀರು ಬೇಡ.

ಹಿಡಿ ಪೂರ್ತಿ ಒಣಗಿದ ಮೇಲೆ, ಉಜ್ಜುವುದಕ್ಕೂ ಮೊದಲೇ, ಬಿರುಕನ್ನು ಮುಚ್ಚಬೇಕು. ಇಲ್ಲದಿದ್ದರೆ ಉಜ್ಜಿದ ಪುಡಿ ಅದರೊಳಗೆ ಸೇರಿ ಕಪ್ಪು ಗೆರೆಯಾಗಿ ಉಳಿದುಬಿಡುತ್ತದೆ. ತೆಳುವಾಗಿ ಹರಿಯುವ ಸೂಪರ್ ಗ್ಲೂವನ್ನು ಸೂಜಿಯ ತುದಿಯಿಂದ ಇಳಿಸಿದರೆ ಬಿರುಕು ತಾನೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಗೀರುಗಳಿದ್ದರೆ ಮಾತ್ರ ನೀರು ಹಚ್ಚಿಕೊಂಡು ಬಳಸುವ ಸ್ಯಾಂಡ್‌ಪೇಪರ್‌ನಲ್ಲಿ 1000, ಆನಂತರ 2000 ನಂಬರಿನದನ್ನು ಬಳಸಿ ಪಾಲಿಶ್ ಮಾಡಿ. ಒಣದಾಗಿ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಕ್ಷರಗಳ ಸುತ್ತ ಕೈ ಹಗುರವಾಗಿರಲಿ: ಕೆತ್ತನೆಯ ಅಂಚು ಒಮ್ಮೆ ಸವೆದರೆ ಎನಾಮಲ್ ಬಣ್ಣ ತುಂಬಿದರೂ ಅಕ್ಷರ ಸ್ಪಷ್ಟವಾಗಿ ಕಾಣುವುದಿಲ್ಲ.

ಹಳದಿ ಬಣ್ಣದ ವಿಷಯದಲ್ಲಿ ನನ್ನ ಸಲಹೆ, ಅದನ್ನು ಹಾಗೆಯೇ ಬಿಡಿ ಎಂಬುದು. ಬೆಳಕು ಮತ್ತು ಗಾಳಿಯಿಂದ ಮೇಲ್ಪದರ ಮಾತ್ರ ಹಳದಿಯಾಗಿರುವುದರಿಂದ ಕೆರೆದರೆ ತಿಳಿಬಣ್ಣ ಕಾಣುವುದು ನಿಜ, ಆದರೆ ಅದೂ ಕಾಲಕ್ರಮದಲ್ಲಿ ಹಳದಿಗೇ ತಿರುಗುತ್ತದೆ.

ನೀವು ಕೇಳದ ಒಂದು ಮಾತು: ಹಳೆಯ ಕೂದಲನ್ನು ಉಳಿಸಿಕೊಳ್ಳಬೇಡಿ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಸರಿಯಾಗಿ ಶುದ್ಧೀಕರಿಸದ ಕುದುರೆಕೂದಲಿನ ಬ್ರಷ್‌ಗಳಿಂದ ಆಂಥ್ರಾಕ್ಸ್ ಹರಡಿತ್ತು. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಷ್‌ಗಳ ಆಮದನ್ನೇ ನಿಷೇಧಿಸಿತು. ಆ ರೋಗದ ಬೀಜಕಗಳು ದಶಕಗಳ ಕಾಲ ಬದುಕಬಲ್ಲವು, ಮನೆಯ ಸೋಪಿಗೆ ಸಾಯುವಂಥವಲ್ಲ. ಕೂದಲಿನ ಮೂಲ ಗೊತ್ತಿಲ್ಲದ ಬ್ರಷ್ ಆದ್ದರಿಂದ, ಮೇಲಿನ ಕೆಲಸಕ್ಕೆ ಕೈಹಚ್ಚುವ ಮೊದಲೇ ಕೈಗವಸು ತೊಟ್ಟು ಕೂದಲನ್ನು ಒದ್ದೆ ಮಾಡಿಕೊಂಡು ಬುಡದವರೆಗೆ ಕತ್ತರಿಸಿ ತೆಗೆಯಿರಿ. ಕುಳಿಯಲ್ಲಿ ಅಂಟಿಕೊಂಡು ಉಳಿದ ಕೂದಲಿನ ಗಂಟನ್ನು ಬಿಡಿಸಿ, ಕುಳಿಯ ಅಗಲವನ್ನು ಅಳೆದು, ಅದೇ ಅಳತೆಯ ಹೊಸ ಗಂಟನ್ನು ಎಪಾಕ್ಸಿ ಅಂಟಿನಿಂದ ಕೂರಿಸಬಹುದು.